ಆಫ್ ಆದ ಸ್ವಿಚ್‌ನಲ್ಲೂ ನುಸುಳುವ ಸಿಗ್ನಲ್

ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ‘ಮೈಕ್ರೊ ಬಿಟೆಕ್ಸ್’ ದೇಶ ವಿದೇಶಗಳ ಹ್ಯಾಮ್ ರೇಡಿಯೊ ಹವ್ಯಾಸಿಗಳ ನಡುವೆ ಹೆಸರಾದ ಯಂತ್ರ. ಸುಮಾರು 10 ವ್ಯಾಟ್ ಪ್ರಸಾರ ಶಕ್ತಿ, ಅಗ್ಗದ ಬಿಡಿಭಾಗಗಳು, ಯಾರು ಬೇಕಾದರೂ ಓದಿ ತಿದ್ದಬಹುದಾದ ಸರ್ಕಿಟ್. ಅದರ ಮೊದಲ ಆವೃತ್ತಿಗಳನ್ನು ಹವ್ಯಾಸಿಗಳು ಸ್ಪೆಕ್ಟ್ರಮ್ ಅನಲೈಸರ್‌ಗೆ ಹಚ್ಚಿ ನೋಡಿದಾಗ ಒಂದು ತೊಂದರೆ ಕಾಣಿಸಿತು. ಮೂಲ ತರಂಗದ ಬೆನ್ನಿಗೆ ಅದರ ಹಾರ್ಮೋನಿಕ್‌ಗಳೂ, ಅಂದರೆ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಬೇಡದ ತರಂಗಗಳೂ, ಆಂಟೆನಾ ತಲುಪುತ್ತಿದ್ದವು. ಅವನ್ನು ತಡೆಯಲೆಂದೇ ಫಿಲ್ಟರ್‌ಗಳಿದ್ದವು. ಆದರೆ ಫಿಲ್ಟರ್‌ಗಳನ್ನು ಆರಿಸುವ ರಿಲೇಗಳ ಬಳಿಯೇ ಸಿಗ್ನಲ್‌ಗೆ ಕಳ್ಳದಾರಿ ಸಿಕ್ಕಿತ್ತು.

ಫಿಲ್ಟರ್‌ಗೆ ಹೋಗುವ ಸಿಗ್ನಲ್ ಮತ್ತು ಫಿಲ್ಟರ್‌ನಿಂದ ಹೊರಬರುವ ಸಿಗ್ನಲ್ ಒಂದೇ ರಿಲೇಯ ಅಕ್ಕಪಕ್ಕದ ಕಾಂಟ್ಯಾಕ್ಟ್‌ಗಳಲ್ಲಿ ಹಾದುಹೋಗುತ್ತಿದ್ದವು. ನಡುವೆ ಕೆಲವೇ ಮಿಲಿಮೀಟರ್ ಅಂತರ. ಆ ಅಂತರದ ಕೆಪಾಸಿಟೆನ್ಸ್ 1 ಪಿಕೊಫ್ಯಾರಡ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 7 ಮೆಗಾಹರ್ಟ್ಸ್ ಪ್ರಸಾರದ ಮೂರನೇ ಹಾರ್ಮೋನಿಕ್ 21 ಮೆಗಾಹರ್ಟ್ಸ್. ಅಲ್ಲಿ 1 ಪಿಕೊಫ್ಯಾರಡ್ ಒಡ್ಡುವ ತಡೆ ಸುಮಾರು 7,600 ಓಮ್. 50 ಓಮ್ ವ್ಯವಸ್ಥೆಯಲ್ಲಿ ಅದು ಸಿಗ್ನಲ್ಲನ್ನು ಇಳಿಸುವುದು ಸುಮಾರು 38 ಡೆಸಿಬೆಲ್ ಮಾತ್ರ. ಫಿಲ್ಟರ್ 60 ಡೆಸಿಬೆಲ್ ತಡೆಯುವಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಹಾರ್ಮೋನಿಕ್ ಅದರೊಳಗೆ ಹೋಗದೆ ಪಕ್ಕದಿಂದ ದಾಟುತ್ತದೆ. ಅಮೆರಿಕದ ನಿಯಮದಂತೆ 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಹವ್ಯಾಸಿ ಪ್ರಸಾರಕಗಳಲ್ಲಿ ಇಂಥ ಸೋರಿಕೆ ಮೂಲ ತರಂಗಕ್ಕಿಂತ ಕನಿಷ್ಠ 43 ಡೆಸಿಬೆಲ್ ಕೆಳಗಿರಬೇಕು. 10 ವ್ಯಾಟ್ ಯಂತ್ರಕ್ಕೆ ಇದು ಅರ್ಧ ಮಿಲಿವ್ಯಾಟ್‌ನ ಮಿತಿ. ಮುಂದೆ 5ನೇ ಆವೃತ್ತಿಯಲ್ಲಿ ರಿಲೇಗಳ ಜೋಡಣೆಯನ್ನೇ ಬದಲಿಸಿ ದೋಷ ನಿವಾರಿಸಲಾಯಿತು.

ಈ ಪ್ರಸಂಗದಲ್ಲಿ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ, ಸರ್ಕಿಟ್ ನಕ್ಷೆಯಲ್ಲೂ ತಪ್ಪಿರಲಿಲ್ಲ. ನಕ್ಷೆಯಲ್ಲಿ ಯಾರೂ ಬರೆಯದ ಒಂದು ಕೆಪಾಸಿಟರ್ ಬೋರ್ಡ್ ಮೇಲೆ ಕುಳಿತಿತ್ತು, ಅಷ್ಟೆ. ವೇಗದ ಸಿಗ್ನಲ್‌ಗಳನ್ನು ಸ್ವಿಚ್ ಮಾಡುವ ಪ್ರತಿಯೊಬ್ಬರನ್ನೂ, ಕಾಲೇಜು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಯಿಂದ ಹಿಡಿದು ಪರೀಕ್ಷಾ ಉಪಕರಣ ಕಟ್ಟುವ ಎಂಜಿನಿಯರ್‌ವರೆಗೆ, ಈ ಸಮಸ್ಯೆ ಕಾಡುತ್ತದೆ. ಪರಿಹಾರ ಬಹುಪಾಲು ದುಬಾರಿ ಐಸಿಯಲ್ಲಿಲ್ಲ. ಸ್ವಿಚ್‌ನ ಸುತ್ತ ತಂತಿ, ಟ್ರೇಸ್, ಗ್ರೌಂಡ್‌ಗಳನ್ನು ಎಲ್ಲಿ ಹೇಗೆ ಇಡುತ್ತೇವೆ ಎಂಬುದರಲ್ಲಿದೆ.

ನಕ್ಷೆಯಲ್ಲಿ ಕಾಣದ ಮೂವರು

ಸಿಗ್ನಲ್ ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಸ್ವಿಚ್‌ನಂತೆ ಆನ್ ಆದಾಗ ಪೂರ್ಣ ಸಂಪರ್ಕ, ಆಫ್ ಆದಾಗ ಪೂರ್ಣ ವಿರಾಮ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ವಾಸ್ತವದಲ್ಲಿ ಪ್ರತಿ ಸ್ವಿಚ್‌ಗೂ ಮೂರು ಪರಾವಲಂಬಿ ಗುಣಗಳು ಅಂಟಿಕೊಂಡಿರುತ್ತವೆ. ಎಂಜಿನಿಯರ್‌ಗಳು ಇವನ್ನು ಪ್ಯಾರಾಸಿಟಿಕ್ ಎನ್ನುತ್ತಾರೆ. ಆನ್ ಆದಾಗ ಉಳಿಯುವ ರೆಸಿಸ್ಟೆನ್ಸ್ ಒಂದು. ಆಫ್ ಆದಾಗ ಎರಡು ತುದಿಗಳ ನಡುವೆ ಉಳಿಯುವ ಕೆಪಾಸಿಟೆನ್ಸ್ ಇನ್ನೊಂದು. ಐಸಿಯ ಕಾಲು ಮತ್ತು ಒಳಗಿನ ಸೂಕ್ಷ್ಮ ತಂತಿಗಳ ಇಂಡಕ್ಟೆನ್ಸ್ ಮೂರನೆಯದು. ಇಂಥ ತಂತಿಯ ಪ್ರತಿ ಮಿಲಿಮೀಟರ್‌ಗೆ ಸುಮಾರು 1 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 1 ಗಿಗಾಹರ್ಟ್ಸ್‌ನಲ್ಲಿ ಅಷ್ಟೇ ಸಾಕು, 6 ಓಮ್‌ಗೂ ಮಿಕ್ಕಿದ ತಡೆ ಒಡ್ಡಲು.

ಕಡಿಮೆ ಆವರ್ತನದಲ್ಲಿ ಇವು ತಲೆ ಎತ್ತುವುದಿಲ್ಲ. ಆವರ್ತನ ಏರಿದಂತೆ ಕೆಪಾಸಿಟರ್‌ನ ತಡೆ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. 50 ಓಮ್ ಮೂಲ, 50 ಓಮ್ ಲೋಡ್, ನಡುವೆ 1 ಪಿಕೊಫ್ಯಾರಡ್‌ನ ಆಫ್ ಆದ ಸ್ವಿಚ್. 1 ಮೆಗಾಹರ್ಟ್ಸ್‌ನಲ್ಲಿ ಈ ಸ್ವಿಚ್ ಸಿಗ್ನಲ್ಲನ್ನು 64 ಡೆಸಿಬೆಲ್ ಇಳಿಸುತ್ತದೆ, ಅಂದರೆ ವೋಲ್ಟೇಜ್ 1,600ರಲ್ಲಿ ಒಂದು ಭಾಗಕ್ಕೆ ಬರುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಉಳಿಯುವುದು 24 ಡೆಸಿಬೆಲ್, ಹದಿನಾರರಲ್ಲಿ ಒಂದು ಭಾಗ. 1 ಗಿಗಾಹರ್ಟ್ಸ್ ಮುಟ್ಟುವ ಹೊತ್ತಿಗೆ ಬರೀ ಐದೂವರೆ ಡೆಸಿಬೆಲ್. ಆಫ್ ಎಂದು ಬರೆದ ಸ್ವಿಚ್‌ನಲ್ಲಿ ಅರ್ಧಕ್ಕೂ ಹೆಚ್ಚು ವೋಲ್ಟೇಜ್ ದಾಟಿರುತ್ತದೆ. ಒಳಗಿನ ಯಾವುದೂ ಬದಲಾಗಿಲ್ಲ, ಆವರ್ತನ ಮಾತ್ರ ಬದಲಾಗಿದೆ.

ಡೆಸಿಬೆಲ್ ಲೆಕ್ಕ ನೆನಪಿಟ್ಟುಕೊಳ್ಳುವುದು ಸುಲಭ. ವೋಲ್ಟೇಜ್ ಹತ್ತರಲ್ಲಿ ಒಂದಾದರೆ 20, ನೂರರಲ್ಲಿ ಒಂದಾದರೆ 40, ಸಾವಿರದಲ್ಲಿ ಒಂದಾದರೆ 60.

ಅಕ್ಕಪಕ್ಕದ ಚಾನೆಲ್‌ಗಳ ಮಾತು

ಒಂದೇ ಸ್ವಿಚ್‌ನ ಎರಡು ತುದಿಗಳ ನಡುವೆ ಸೋರುವುದು ಒಂದು ಬಗೆಯಾದರೆ, ಒಂದು ಚಾನೆಲ್‌ನ ಸಿಗ್ನಲ್ ಪಕ್ಕದ ಚಾನೆಲ್‌ಗೆ ಹಾರುವುದು ಇನ್ನೊಂದು ಬಗೆ. ಇದಕ್ಕೆ ಕ್ರಾಸ್‌ಟಾಕ್ ಎಂದು ಹೆಸರು. ವಠಾರದ ಮನೆಗಳು ಗೋಡೆ, ಅಂಗಳ, ನಲ್ಲಿಗಳನ್ನು ಹಂಚಿಕೊಂಡಂತೆ ಒಂದು ಐಸಿಯೊಳಗಿನ ನಾಲ್ಕು ಸ್ವಿಚ್‌ಗಳು ಒಂದೇ ಸಿಲಿಕಾನ್ ತುಣುಕು, ಒಂದೇ ಗ್ರೌಂಡ್ ಕಾಲು, ಒಂದೇ ವಿದ್ಯುತ್ ಪೂರೈಕೆ ಹಂಚಿಕೊಂಡಿರುತ್ತವೆ. ಒಂದು ಮನೆಯ ಮಾತು ಇನ್ನೊಂದು ಮನೆಗೆ ಕೇಳಿಸದಿರುವುದೇ ಕಷ್ಟ.

ಟೆಲಿಫೋನ್‌ನ ಜೊತೆಯಲ್ಲೇ ಈ ತೊಂದರೆಯೂ ಹುಟ್ಟಿತು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಎಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು, ಪಕ್ಕದ ತಂತಿಗಳ ಸಿಗ್ನಲ್ ಟೆಲಿಫೋನ್ ಮಾತಿನೊಳಗೆ ಬೆರೆಯುವುದನ್ನು ತಡೆಯಲೆಂದೇ. ಇಂದಿನ ಇಂಟರ್‌ನೆಟ್ ಕೇಬಲ್‌ನೊಳಗಿನ ನಾಲ್ಕು ಜೊತೆ ಹೊಸೆದ ತಂತಿಗಳು ಅದೇ ಉಪಾಯದ ಮುಂದುವರಿಕೆ. ಸ್ವಾತಂತ್ರ್ಯಾನಂತರ, 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸಿದ ಸ್ಟ್ರೌಜರ್ ಎಕ್ಸ್‌ಚೇಂಜ್‌ಗಳು ಲೋಹದ ಕಾಂಟ್ಯಾಕ್ಟ್‌ಗಳಿಂದ ಕರೆ ಜೋಡಿಸುತ್ತಿದ್ದವು. ಸ್ಥಿರ ದೂರವಾಣಿಯ ಕಾಲದಲ್ಲಿ ನಡುವೆ ಅಪರಿಚಿತರ ಸಂಭಾಷಣೆ ಕೇಳಿಸಿಕೊಂಡ ನೆನಪು ಹಿರಿಯರಲ್ಲಿ ಇನ್ನೂ ಇದೆ. 1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನ್‌ಗಳ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿದಾಗ ಸ್ವಿಚ್ ಮಾಡುವ ವಿಧಾನವೇ ಬದಲಾಯಿತು. ಅಲ್ಲಿ ಧ್ವನಿ ಅಂಕಿಗಳಾಗಿ ಹರಿಯುತ್ತದೆ. ಸ್ವಿಚ್‌ನೊಳಗೆ ಅಲ್ಪಸ್ವಲ್ಪ ಸೋರಿದರೂ ಒಂದು ಒಂದಾಗಿಯೇ, ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಕ್ರಾಸ್‌ಟಾಕ್‌ನ ಚಿಂತೆ ಉಳಿದದ್ದು ಧ್ವನಿ ಅಂಕಿಯಾಗುವ ಮುನ್ನದ ಅನಲಾಗ್ ಭಾಗದಲ್ಲಿ ಮತ್ತು ಊರೊಳಗಿನ ತಂತಿಗಳಲ್ಲಿ.

ಕ್ರಾಸ್‌ಟಾಕ್‌ಗೆ ದಾರಿ ಎರಡು. ವೋಲ್ಟೇಜ್ ಬದಲಾವಣೆ ಕೆಪಾಸಿಟೆನ್ಸ್ ಮೂಲಕ ದಾಟುತ್ತದೆ. ಕರೆಂಟ್ ಬದಲಾವಣೆ ಕಾಂತಕ್ಷೇತ್ರದ ಮೂಲಕ ದಾಟುತ್ತದೆ. ಮೊದಲನೆಯದರಲ್ಲಿ ಪೀಡಿತ ಚಾನೆಲ್‌ನ ಇಂಪೀಡೆನ್ಸ್ ನಿರ್ಣಾಯಕ. ಆಡಿಯೊ ಸ್ವಿಚ್‌ನ ಉದಾಹರಣೆ ನೋಡಬಹುದು. 10 ಕಿಲೋಹರ್ಟ್ಸ್‌ನಲ್ಲಿ 1 ಪಿಕೊಫ್ಯಾರಡ್‌ನ ತಡೆ ಸುಮಾರು 1.6 ಕೋಟಿ ಓಮ್. ಪೀಡಿತ ಬಿಂದು 1 ಲಕ್ಷ ಓಮ್ ಇಂಪೀಡೆನ್ಸ್‌ನದಾದರೆ ಕ್ರಾಸ್‌ಟಾಕ್ 44 ಡೆಸಿಬೆಲ್ ಕೆಳಗೆ ನಿಲ್ಲುತ್ತದೆ. ಶಾಂತ ಸಂಗೀತದ ನಡುವೆ ಅದು ಕಿವಿಗೆ ಬೀಳುತ್ತದೆ. ಅದೇ ಬಿಂದುವನ್ನು ಸಾವಿರ ಓಮ್‌ಗೆ ಇಳಿಸಿದರೆ 84 ಡೆಸಿಬೆಲ್. ಐಸಿ ಬದಲಿಸಿಲ್ಲ, ಬೋರ್ಡ್ ಬದಲಿಸಿಲ್ಲ, ಕೆಲವು ರೂಪಾಯಿಯ ಬಫರ್ ಸೇರಿಸಿದ್ದಷ್ಟೇ. ಗಳಿಕೆ 40 ಡೆಸಿಬೆಲ್. ವೇಗ ಕಡಿಮೆ ಇದ್ದ ಮಾತ್ರಕ್ಕೆ ಕ್ರಾಸ್‌ಟಾಕ್ ಇರುವುದಿಲ್ಲ ಎಂಬ ನಂಬಿಕೆಯನ್ನು ಈ ಒಂದು ಲೆಕ್ಕ ಅಲ್ಲಗಳೆಯುತ್ತದೆ.

ಅಂಚು ಎಷ್ಟು ಕಡಿದು?

ಡಿಜಿಟಲ್ ಸಿಗ್ನಲ್‌ಗಳಲ್ಲಿ ಅನೇಕರು ಕ್ಲಾಕ್‌ನ ಆವರ್ತನ ನೋಡಿ ಸಮಾಧಾನಪಡುತ್ತಾರೆ. ನೋಡಬೇಕಾದದ್ದು ಸಿಗ್ನಲ್‌ನ ಅಂಚನ್ನು, ಅಂದರೆ ಅದು ಕೆಳಗಿನಿಂದ ಮೇಲಕ್ಕೆ ಏರಲು ತೆಗೆದುಕೊಳ್ಳುವ ಸಮಯವನ್ನು. ಏರುವ ಸಮಯವನ್ನು ಸೆಕೆಂಡ್‌ನಲ್ಲಿ ಇಟ್ಟು 0.35ನ್ನು ಅದರಿಂದ ಭಾಗಿಸಿದರೆ ಸಿಗ್ನಲ್‌ನ ಬ್ಯಾಂಡ್‌ವಿಡ್ತ್ ಸಿಗುತ್ತದೆ. 1 ನ್ಯಾನೊಸೆಕೆಂಡ್‌ನಲ್ಲಿ ಏರುವ ಸಿಗ್ನಲ್‌ನೊಳಗೆ 350 ಮೆಗಾಹರ್ಟ್ಸ್‌ವರೆಗಿನ ಅಂಶಗಳಿರುತ್ತವೆ. ಅದು ಸೆಕೆಂಡಿಗೆ ಒಮ್ಮೆ ಮಾತ್ರ ಬದಲಾದರೂ ಅಷ್ಟೇ.

ಕಡಿದಾದ ಅಂಚಿನ ಇನ್ನೊಂದು ಫಲ ಗ್ರೌಂಡ್ ಬೌನ್ಸ್. ಐಸಿಯ ಗ್ರೌಂಡ್ ಕಾಲಿಗೆ 5 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇದ್ದು, ಅದರಲ್ಲಿ 20 ಮಿಲಿಆಂಪ್ ಕರೆಂಟ್ 1 ನ್ಯಾನೊಸೆಕೆಂಡ್‌ನಲ್ಲಿ ಬದಲಾದರೆ 0.1 ವೋಲ್ಟ್ ಹುಟ್ಟುತ್ತದೆ. ಎಂಟು ಔಟ್‌ಪುಟ್‌ಗಳು ಒಟ್ಟಿಗೆ ಹಾಗೆ ಬದಲಾದರೆ 0.8 ವೋಲ್ಟ್. ಆ ಕ್ಷಣ ಐಸಿಯೊಳಗಿನ ‘ಗ್ರೌಂಡ್’ ಹೊರಗಿನ ಗ್ರೌಂಡ್‌ಗಿಂತ ಅಷ್ಟು ಮೇಲೆ ಕುಳಿತಿರುತ್ತದೆ, ಸುಮ್ಮನಿದ್ದ ಚಾನೆಲ್‌ಗಳಲ್ಲೂ ಸುಳ್ಳು ಸಿಗ್ನಲ್ ಹೊಮ್ಮುತ್ತದೆ. 1980ರ ದಶಕದಲ್ಲಿ ವೇಗದ ಸಿಮಾಸ್ ಲಾಜಿಕ್ ಐಸಿಗಳು ಬಂದಾಗ ಇದು ದೊಡ್ಡ ತಲೆನೋವಾಯಿತು. ಅಲ್ಲಿಯವರೆಗೆ ವಿದ್ಯುತ್ ಮತ್ತು ಗ್ರೌಂಡ್ ಕಾಲುಗಳು ಐಸಿಯ ಎದುರುಬದುರು ಮೂಲೆಗಳಲ್ಲಿದ್ದು, ಒಳಗಿನ ತಂತಿ ಅಲ್ಲಿಗೇ ಹೆಚ್ಚು ಉದ್ದವಿರುತ್ತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ 74ಎಸಿ11000 ಸರಣಿಯಲ್ಲಿ ಆ ಕಾಲುಗಳನ್ನು ನಡುವಿಗೆ ತಂದದ್ದು ಈ ಇಂಡಕ್ಟೆನ್ಸ್ ತಗ್ಗಿಸಲೆಂದು.

ವೇಗದ ಜೊತೆಗೆ ಸಾಮೀಪ್ಯವೂ ಅತಿಯಾದಾಗ ಏನಾಗುತ್ತದೆ ಎಂಬುದಕ್ಕೆ ಕಂಪ್ಯೂಟರ್ ಮೆಮೊರಿ ಸಾಕ್ಷಿ. ಡಿರ‍್ಯಾಮ್‌ನ ಪ್ರತಿ ಕೋಶವೂ ಒಂದು ಟ್ರಾನ್ಸಿಸ್ಟರ್ ಸ್ವಿಚ್ ಮತ್ತು ಒಂದು ಕೆಪಾಸಿಟರ್. ಒಂದೇ ಸಾಲನ್ನು ಪದೇ ಪದೇ ವೇಗವಾಗಿ ತೆರೆದು ಮುಚ್ಚಿದರೆ ಪಕ್ಕದ ಸಾಲಿನ ಬಿಟ್‌ಗಳು ತಾವಾಗಿ ತಿರುಗಿಬೀಳುತ್ತವೆ ಎಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್‌ನ ಸಂಶೋಧಕರು 2014ರಲ್ಲಿ ತೋರಿಸಿದರು. ಪರೀಕ್ಷಿಸಿದ 129 ಮಾಡ್ಯೂಲ್‌ಗಳಲ್ಲಿ 110ರಲ್ಲಿ ಈ ದೋಷ ಕಂಡಿತು. ‘ರೋಹ್ಯಾಮರ್’ ಎಂಬ ಹೆಸರಿನಿಂದ ಅದು ಸೈಬರ್ ಭದ್ರತೆಯ ಸಮಸ್ಯೆಯೂ ಆಯಿತು.

ಎಷ್ಟು ಡೆಸಿಬೆಲ್ ಸಾಕು?

ಸ್ವಿಚ್ ಆರಿಸುವ ಮುನ್ನ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇದು. ಹಲವು ಸೆನ್ಸರ್‌ಗಳನ್ನು ಒಂದೇ ಅನಲಾಗ್-ಡಿಜಿಟಲ್ ಪರಿವರ್ತಕಕ್ಕೆ ಸರದಿಯಲ್ಲಿ ಜೋಡಿಸುವ ಮಲ್ಟಿಪ್ಲೆಕ್ಸರ್‌ನಲ್ಲಿ ಉತ್ತರ ಸರಳ. 8 ಬಿಟ್ ಪರಿವರ್ತಕದ ಒಂದು ಮೆಟ್ಟಿಲು ಎಂದರೆ ಪೂರ್ಣ ಅಳತೆಗಿಂತ 48 ಡೆಸಿಬೆಲ್ ಕೆಳಗೆ. 12 ಬಿಟ್‌ಗೆ 72. 16 ಬಿಟ್‌ಗೆ 96. ಕ್ರಾಸ್‌ಟಾಕ್ ಒಂದು ಮೆಟ್ಟಿಲಿಗಿಂತ ಕಡಿಮೆ ಇರಬೇಕೆಂದರೆ ಸ್ವಿಚ್ ಮತ್ತು ಬೋರ್ಡ್ ಸೇರಿ ಅಷ್ಟು ತಡೆ ಕೊಡಲೇಬೇಕು. 50 ಡೆಸಿಬೆಲ್ ತಡೆಯ ಸ್ವಿಚ್‌ನ ಹಿಂದೆ 16 ಬಿಟ್ ಪರಿವರ್ತಕ ಕೂರಿಸಿದರೆ ಕೊನೆಯ ಏಳೆಂಟು ಬಿಟ್‌ಗಳಿಗೆ ಕೊಟ್ಟ ಹಣ ವ್ಯರ್ಥ.

ರೇಡಿಯೊ ಖಗೋಳ ವಿಜ್ಞಾನ ಇನ್ನೂ ಕಠಿಣ ಬೇಡಿಕೆ ಇಡುತ್ತದೆ. ರಾಬರ್ಟ್ ಡಿಕಿ 1946ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ರಿಸೀವರ್ ಆಂಟೆನಾ ಮತ್ತು ಗೊತ್ತಿರುವ ಒಂದು ಆಕರದ ನಡುವೆ ಸತತವಾಗಿ ಬದಲಾಗುತ್ತ, ಎರಡರ ವ್ಯತ್ಯಾಸವನ್ನಷ್ಟೇ ಅಳೆಯುತ್ತದೆ. ಸ್ವಿಚ್ ಸೋರಿದರೆ ಆ ವ್ಯತ್ಯಾಸವೇ ಕಲಬೆರಕೆಯಾಗುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸಾರಸ್ 3 ಉಪಕರಣ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲುತ್ತ ಹುಡುಕಿದ್ದು ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ಸಿಗ್ನಲ್ಲನ್ನು. 2018ರಲ್ಲಿ ಅದೇ ಹುಡುಕಾಟದಲ್ಲಿದ್ದ ಎಡ್ಜಸ್ ತಂಡ ತಾನು ಕಂಡೆನೆಂದು ಹೇಳಿದ್ದ ಸಿಗ್ನಲ್‌ನ ಪ್ರಮಾಣ ಸುಮಾರು ಅರ್ಧ ಕೆಲ್ವಿನ್. ಅದೇ ಆವರ್ತನದಲ್ಲಿ ಆಕಾಶದ ಹಿನ್ನೆಲೆ ಸಾವಿರ ಕೆಲ್ವಿನ್‌ಗೂ ಮಿಕ್ಕಿದ್ದು. ಸಾರಸ್ 3ರ ಅಳತೆ ಆ ಹೇಳಿಕೆಯನ್ನು ತಳ್ಳಿಹಾಕಿದ್ದು 2022ರಲ್ಲಿ ಪ್ರಕಟವಾಯಿತು. ಇಂಥ ಅಳತೆಯಲ್ಲಿ ರಿಸೀವರ್‌ನ ಒಳಗೇ ಹುಟ್ಟುವ ಸಣ್ಣ ಸೋರಿಕೆ, ಸಣ್ಣ ಪ್ರತಿಫಲನ ಕೂಡ ಆಕಾಶದ ಸಿಗ್ನಲ್‌ನ ವೇಷ ತೊಡಬಲ್ಲದು.

ಯಾವ ಕೆಲಸಕ್ಕೆ ಯಾವ ಸ್ವಿಚ್?

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಬಿಡಿಭಾಗ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಸಿಡಿ4066. ಒಂದು ಐಸಿಯಲ್ಲಿ ನಾಲ್ಕು ಸ್ವಿಚ್. 15 ವೋಲ್ಟ್ ಪೂರೈಕೆಯಲ್ಲಿ ಇದರ ಆನ್ ರೆಸಿಸ್ಟೆನ್ಸ್ ಸುಮಾರು 125 ಓಮ್, 5 ವೋಲ್ಟ್‌ಗೆ ಇಳಿಸಿದರೆ 470 ಓಮ್ ಆಸುಪಾಸು. ಚಾನೆಲ್‌ಗಳ ನಡುವಿನ ಕ್ರಾಸ್‌ಟಾಕ್ 8 ಮೆಗಾಹರ್ಟ್ಸ್‌ನಲ್ಲಿ 50 ಡೆಸಿಬೆಲ್ ಕೆಳಗೆ ಎಂದು ಡೇಟಾಶೀಟ್ ಹೇಳುತ್ತದೆ. ಪಕ್ಕದಲ್ಲೇ ಇರುವ ಷರತ್ತನ್ನೂ ಓದಬೇಕು: ಆ ಅಳತೆ 1 ಕಿಲೋಓಮ್ ಲೋಡ್‌ನಲ್ಲಿ ನಡೆದದ್ದು. ಬೇರೆ ತಯಾರಕರ ಐಸಿಯ ಅಂಕಿ 50 ಓಮ್ ಲೋಡ್‌ನಲ್ಲಿ ಅಳೆದದ್ದಾದರೆ ಲೋಡ್‌ನ ವ್ಯತ್ಯಾಸದಿಂದಲೇ 26 ಡೆಸಿಬೆಲ್ ಉತ್ತಮವಾಗಿ ಕಾಣಬಹುದು. ಆವರ್ತನ, ಲೋಡ್, ಪೂರೈಕೆ ಈ ಮೂರೂ ಒಂದೇ ಇದ್ದರೆ ಮಾತ್ರ ಎರಡು ಡೇಟಾಶೀಟ್‌ಗಳನ್ನು ಹೋಲಿಸಬಹುದು.

ಆಡಿಯೊ ಮತ್ತು ನಿಧಾನ ಸೆನ್ಸರ್‌ಗಳಿಗೆ 4066 ಅಥವಾ 4051 ಸಾಕು. ಕಡಿಮೆ ವೋಲ್ಟೇಜ್‌ನಲ್ಲಿ ಕಡಿಮೆ ರೆಸಿಸ್ಟೆನ್ಸ್ ಬೇಕಾದರೆ 74ಎಚ್‌ಸಿ ಸರಣಿಯ ಅದೇ ಸಂಖ್ಯೆಗಳಿವೆ. ಕೆಲವು ಹತ್ತು ಮೆಗಾಹರ್ಟ್ಸ್‌ವರೆಗೆ, ನಿಧಾನವಾಗಿ ಬದಲಾದರೂ ನಡೆಯುತ್ತದೆ ಎನ್ನುವ ಕಡೆ ರೀಡ್ ರಿಲೇ ಒಳ್ಳೆಯದು. ತೆರೆದಾಗ ಅದರ ಕೆಪಾಸಿಟೆನ್ಸ್ 1 ಪಿಕೊಫ್ಯಾರಡ್‌ಗೂ ಕಡಿಮೆ ಇರಬಲ್ಲದು, ಬದಲಾಗಲು ಮಾತ್ರ ಮಿಲಿಸೆಕೆಂಡ್‌ನ ಹತ್ತಿರ ಸಮಯ ಬೇಕು. ರೇಡಿಯೊ ಆವರ್ತನಕ್ಕೆ ಪಿನ್ ಡಯೋಡ್ ಹಳೆಯ, ನಂಬಿಕಸ್ಥ ಆಯ್ಕೆ. ಕೆಲವು ಮಿಲಿಆಂಪ್ ಹರಿಸಿದರೆ ಅದು ಒಂದೆರಡು ಓಮ್‌ನ ಸಂಪರ್ಕ, ಹಿಮ್ಮುಖ ವೋಲ್ಟೇಜ್ ಕೊಟ್ಟರೆ 1 ಪಿಕೊಫ್ಯಾರಡ್‌ಗಿಂತ ಕಡಿಮೆ ಕೆಪಾಸಿಟೆನ್ಸ್. ಒಳರಚನೆ ಪಿನ್ ಡಯೋಡನ್ನು ಹೋಲುವುದರಿಂದ 1ಎನ್4007 ಎಂಬ ಸಾಮಾನ್ಯ ರೆಕ್ಟಿಫೈಯರ್ ಡಯೋಡನ್ನೇ ಹ್ಯಾಮ್ ಹವ್ಯಾಸಿಗಳು ಶಾರ್ಟ್‌ವೇವ್ ರೇಡಿಯೊಗಳಲ್ಲಿ ಸ್ವಿಚ್ ಆಗಿ ಬಳಸುವುದುಂಟು.

ಒಂದು ತಂತ್ರಜ್ಞಾನವನ್ನು ಇನ್ನೊಂದರೊಡನೆ ತೂಗಲು ಆನ್ ರೆಸಿಸ್ಟೆನ್ಸನ್ನು ಆಫ್ ಕೆಪಾಸಿಟೆನ್ಸ್‌ನಿಂದ ಗುಣಿಸುತ್ತಾರೆ. ಟ್ರಾನ್ಸಿಸ್ಟರನ್ನು ಅಗಲ ಮಾಡಿದರೆ ರೆಸಿಸ್ಟೆನ್ಸ್ ಇಳಿಯುತ್ತದೆ, ಕೆಪಾಸಿಟೆನ್ಸ್ ಏರುತ್ತದೆ, ಗುಣಲಬ್ಧ ಹಾಗೇ ಉಳಿಯುತ್ತದೆ. ಹೀಗಾಗಿ ಅದು ತಂತ್ರಜ್ಞಾನದ ನಿಜವಾದ ಅಳತೆ. 4066ಕ್ಕೆ 125 ಓಮ್ ಮತ್ತು ಅರ್ಧ ಪಿಕೊಫ್ಯಾರಡ್ ಹಿಡಿದರೆ 60 ಪಿಕೊಸೆಕೆಂಡ್ ಆಸುಪಾಸು. ಮೊಬೈಲ್ ಫೋನ್‌ನ ಆಂಟೆನಾ ಬದಲಿಸುವ ಇಂದಿನ ಆರ್‌ಎಫ್ ಸ್ವಿಚ್‌ಗಳಲ್ಲಿ ಅದು 0.1 ಪಿಕೊಸೆಕೆಂಡ್ ಮಟ್ಟಕ್ಕೆ ಇಳಿದಿದೆ.

ಮೂರು ಸ್ವಿಚ್‌ಗಳ ಟಿ ಜೋಡಣೆ

ಸಾಧಾರಣ ಸ್ವಿಚ್‌ಗಳಿಂದಲೇ ಅಸಾಧಾರಣ ತಡೆ ಪಡೆಯುವ ಉಪಾಯವೊಂದಿದೆ. ಒಂದರ ಬದಲು ಎರಡು ಸ್ವಿಚ್‌ಗಳನ್ನು ಸಾಲಾಗಿ ಜೋಡಿಸಿ, ಅವುಗಳ ನಡುವಿನ ಬಿಂದುವಿನಿಂದ ಮೂರನೆಯ ಸ್ವಿಚ್ಚನ್ನು ಗ್ರೌಂಡ್‌ಗೆ ಕೊಡಬೇಕು. ಸಾಲಿನ ಎರಡೂ ಆಫ್ ಇದ್ದಾಗ ಗ್ರೌಂಡ್‌ನದು ಆನ್. ಮೊದಲ ಸ್ವಿಚ್‌ನಲ್ಲಿ ಸೋರಿದ ಸಿಗ್ನಲ್ ಎರಡನೆಯದನ್ನು ತಲುಪುವ ಮುನ್ನ ಗ್ರೌಂಡ್‌ಗೆ ಇಳಿದುಹೋಗುತ್ತದೆ.

ಮೇಲಿನ 1 ಪಿಕೊಫ್ಯಾರಡ್ ಲೆಕ್ಕವನ್ನೇ ಮುಂದುವರಿಸಿ, ಗ್ರೌಂಡ್ ಸ್ವಿಚ್‌ನ ರೆಸಿಸ್ಟೆನ್ಸ್ 10 ಓಮ್ ಎಂದುಕೊಂಡರೆ, 100 ಮೆಗಾಹರ್ಟ್ಸ್‌ನಲ್ಲಿ 24 ಡೆಸಿಬೆಲ್ ಇದ್ದ ತಡೆ 68 ಡೆಸಿಬೆಲ್‌ಗೆ ಏರುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ. ಆನ್ ಆದಾಗ ಸಿಗ್ನಲ್ ಎರಡು ಸ್ವಿಚ್ ದಾಟಬೇಕಾದ್ದರಿಂದ ತಲಾ 10 ಓಮ್ ಲೆಕ್ಕದಲ್ಲಿ ನಷ್ಟ 0.8ರಿಂದ 1.6 ಡೆಸಿಬೆಲ್‌ಗೆ ಏರುತ್ತದೆ. ಗ್ರೌಂಡ್ ಸ್ವಿಚ್‌ನ ಕಾಲು ಉದ್ದವಿದ್ದರೆ ಅದರ ಇಂಡಕ್ಟೆನ್ಸ್ ಇಡೀ ಉಪಾಯವನ್ನು ಹಾಳುಮಾಡುತ್ತದೆ. 10 ನ್ಯಾನೊಹೆನ್ರಿ ಎಂದರೆ 100 ಮೆಗಾಹರ್ಟ್ಸ್‌ನಲ್ಲಿ ಇನ್ನೂ 6 ಓಮ್. 1 ಗಿಗಾಹರ್ಟ್ಸ್‌ನಲ್ಲಿ 63 ಓಮ್, ಆಗ ಗ್ರೌಂಡ್ ಹೆಸರಿಗಷ್ಟೇ ಗ್ರೌಂಡ್. ಆ ಕಾಲನ್ನು ಬೋರ್ಡ್‌ನ ಗ್ರೌಂಡ್ ಪದರಕ್ಕೆ ಅತ್ಯಂತ ಗಿಡ್ಡ ದಾರಿಯಲ್ಲಿ, ಒಂದಕ್ಕಿಂತ ಹೆಚ್ಚು ವಯಾಗಳ, ಅಂದರೆ ಪದರಗಳನ್ನು ಜೋಡಿಸುವ ಲೋಹಲೇಪಿತ ರಂಧ್ರಗಳ, ಮೂಲಕ ಇಳಿಸಬೇಕು.

ಬದಲಾಗುವ ಕ್ಷಣದ ಪೆಟ್ಟು

ಸ್ವಿಚ್‌ನ ಕಂಟ್ರೋಲ್ ಸಿಗ್ನಲ್ ಕೂಡ ಒಂದು ಸಿಗ್ನಲ್ಲೇ. ಅದು ಬದಲಾದಾಗ ಟ್ರಾನ್ಸಿಸ್ಟರ್‌ನ ಗೇಟ್ ಕೆಪಾಸಿಟೆನ್ಸ್ ಮೂಲಕ ಸ್ವಲ್ಪ ಚಾರ್ಜ್ ಸಿಗ್ನಲ್ ದಾರಿಗೆ ನುಗ್ಗುತ್ತದೆ. ಡೇಟಾಶೀಟ್‌ನಲ್ಲಿ ಚಾರ್ಜ್ ಇಂಜೆಕ್ಷನ್ 10 ಪಿಕೊಕೂಲಂಬ್ ಎಂದಿದ್ದು, ಮುಂದಿರುವ ಹೋಲ್ಡ್ ಕೆಪಾಸಿಟರ್ 100 ಪಿಕೊಫ್ಯಾರಡ್ ಆದರೆ 0.1 ವೋಲ್ಟ್‌ನ ಜಿಗಿತ ಕಾಣುತ್ತದೆ. ಕೆಪಾಸಿಟರನ್ನು 1 ನ್ಯಾನೊಫ್ಯಾರಡ್‌ಗೆ ಏರಿಸಿದರೆ ಜಿಗಿತ 10 ಮಿಲಿವೋಲ್ಟ್‌ಗೆ ಇಳಿಯುತ್ತದೆ, ಸರ್ಕಿಟ್ ಮಾತ್ರ ನಿಧಾನವಾಗುತ್ತದೆ. 100 ಓಮ್ ಸ್ವಿಚ್‌ನೊಂದಿಗೆ ಅದರ ಕಾಲಸ್ಥಿರಾಂಕ 100 ನ್ಯಾನೊಸೆಕೆಂಡ್. 12 ಬಿಟ್ ನಿಖರತೆಗೆ ಅದರ ಸುಮಾರು ಒಂಬತ್ತು ಪಟ್ಟು ಕಾಯಬೇಕು. ಸ್ವಿಚ್ ಬದಲಾದ ತಕ್ಷಣ ಓದದೆ ಸುಮಾರು 1 ಮೈಕ್ರೊಸೆಕೆಂಡ್ ಬಿಟ್ಟು ಓದುವಂತೆ ಪ್ರೋಗ್ರಾಮ್ ಬರೆಯುವುದು ಖರ್ಚಿಲ್ಲದ ಪರಿಹಾರ.

ಪೂರೈಕೆ ವೋಲ್ಟೇಜ್ ಮೀರಿದ ಸಿಗ್ನಲ್ ಇನ್ನೂ ಅಪಾಯಕಾರಿ. ಸಿಮಾಸ್ ಐಸಿಯೊಳಗೆ ಯಾರೂ ಬೇಡಿರದ ಒಂದು ಥೈರಿಸ್ಟರ್ ಅಡಗಿರುತ್ತದೆ. ಸಿಗ್ನಲ್ ಪೂರೈಕೆಗಿಂತ ಸುಮಾರು 0.6 ವೋಲ್ಟ್ ಮೇಲೇರಿ ಸಾಕಷ್ಟು ಕರೆಂಟ್ ಒಳನುಗ್ಗಿದರೆ ಅದು ಎಚ್ಚರಗೊಂಡು ಪೂರೈಕೆಯನ್ನು ಗ್ರೌಂಡ್‌ಗೆ ನೇರ ಜೋಡಿಸಿಬಿಡಬಹುದು. ಐಸಿ ಬಿಸಿಯಾಗಿ ಸುಡುತ್ತದೆ. ಬೋರ್ಡ್‌ಗೆ ವಿದ್ಯುತ್ ಬರುವ ಮುನ್ನವೇ ಸೆನ್ಸರ್‌ನಿಂದ ಸಿಗ್ನಲ್ ಬರುವ ಕಡೆ ಈ ಅಪಾಯ ಹೆಚ್ಚು. ಅಲ್ಲಿ ಸರಣಿಯಲ್ಲಿ ಒಂದು ರೆಸಿಸ್ಟರ್ ಹಾಕಬೇಕು, ಇಲ್ಲವೇ ವಿದ್ಯುತ್ ಇಲ್ಲದಾಗಲೂ ಸುರಕ್ಷಿತವಾಗಿರುವ ಸ್ವಿಚ್ ಐಸಿ ಆರಿಸಬೇಕು.

ಬೋರ್ಡ್ ಬರೆಯುವಾಗ

ಬ್ರೆಡ್‌ಬೋರ್ಡ್‌ನ ಅಕ್ಕಪಕ್ಕದ ಪಟ್ಟಿಗಳ ನಡುವೆಯೇ ಕೆಲವು ಪಿಕೊಫ್ಯಾರಡ್ ಇರುತ್ತದೆ. ಅರ್ಧ ಪಿಕೊಫ್ಯಾರಡ್‌ನ ಸ್ವಿಚ್ಚನ್ನು ಅದರ ಮೇಲೆ ಪರೀಕ್ಷಿಸಿದರೆ ಅಳೆದದ್ದು ಬ್ರೆಡ್‌ಬೋರ್ಡನ್ನು. ಕೆಲವು ಮೆಗಾಹರ್ಟ್ಸ್ ದಾಟಿದ ಕೆಲಸಕ್ಕೆ ಗ್ರೌಂಡ್ ಪದರವಿರುವ ಪಿಸಿಬಿಯೇ ಆಗಬೇಕು.

ಟ್ರೇಸ್‌ಗಳ ಅಂತರದ ಬಗ್ಗೆ ಹೋವರ್ಡ್ ಜಾನ್ಸನ್ ಮತ್ತು ಮಾರ್ಟಿನ್ ಗ್ರಹಾಂ 1993ರ ತಮ್ಮ ‘ಹೈ-ಸ್ಪೀಡ್ ಡಿಜಿಟಲ್ ಡಿಸೈನ್’ ಪುಸ್ತಕದಲ್ಲಿ ಕೊಟ್ಟ ಸರಳ ಅಂದಾಜು ಇಂದಿಗೂ ಉಪಯುಕ್ತ. ಎರಡು ಟ್ರೇಸ್‌ಗಳ ಅಂತರವನ್ನು ಗ್ರೌಂಡ್ ಪದರದಿಂದ ಟ್ರೇಸ್ ಇರುವ ಎತ್ತರದಿಂದ ಭಾಗಿಸಿ, ಬಂದದ್ದರ ವರ್ಗಕ್ಕೆ ಒಂದು ಕೂಡಿಸಿ, ಒಂದನ್ನು ಆ ಮೊತ್ತದಿಂದ ಭಾಗಿಸಿದರೆ ಕ್ರಾಸ್‌ಟಾಕ್‌ನ ಗರಿಷ್ಠ ಪ್ರಮಾಣ ತಿಳಿಯುತ್ತದೆ. ಎತ್ತರ 0.2 ಮಿಲಿಮೀಟರ್, ಅಂತರ 0.4 ಆದರೆ ಶೇಕಡಾ 20. ಅಂತರವನ್ನು 0.8ಕ್ಕೆ ಏರಿಸಿದರೆ ಶೇಕಡಾ 6. ಅಂತರವನ್ನು 0.4ರಲ್ಲೇ ಇಟ್ಟು ಎತ್ತರವನ್ನು 0.1ಕ್ಕೆ ಇಳಿಸಿದರೂ ಅದೇ ಶೇಕಡಾ 6. ಎರಡು ಪದರದ 1.6 ಮಿಲಿಮೀಟರ್ ದಪ್ಪದ ಬೋರ್ಡ್‌ನಲ್ಲಿ 1 ಮಿಲಿಮೀಟರ್ ಅಂತರದ ಟ್ರೇಸ್‌ಗಳಿಗೆ ಇದೇ ಸೂತ್ರ ಶೇಕಡಾ 72 ಎನ್ನುತ್ತದೆ. ನಾಲ್ಕು ಪದರದ ಬೋರ್ಡ್‌ಗೆ ಕೊಡುವ ಹೆಚ್ಚುವರಿ ಹಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಈ ಅಂಕಿಯೇ ಉತ್ತರ.

ಟ್ರೇಸ್‌ನಲ್ಲಿ ಮುಂದೆ ಹೋದ ಕರೆಂಟ್ ಗ್ರೌಂಡ್ ಪದರದಲ್ಲಿ ಅದರ ನೇರ ಕೆಳಗೇ ಹಿಂದಿರುಗುತ್ತದೆ. ಆ ಪದರದಲ್ಲಿ ಸೀಳು ಬಿಟ್ಟರೆ ಕರೆಂಟ್ ಸುತ್ತುಹಾಕಬೇಕಾಗುತ್ತದೆ. ಹಲವು ಸಿಗ್ನಲ್‌ಗಳ ಕರೆಂಟ್ ಒಂದೇ ಸುತ್ತುದಾರಿ ಹಿಡಿದರೆ ಅವೆಲ್ಲ ಪರಸ್ಪರ ಬೆರೆಯುತ್ತವೆ. ಸ್ವಿಚ್ ಐಸಿಯ ಕೆಳಗೆ ಗ್ರೌಂಡ್ ಪದರವನ್ನು ಎಂದೂ ಕತ್ತರಿಸಬಾರದು. ಇನ್‌ಪುಟ್ ಒಂದು ಬದಿಯಿಂದ, ಔಟ್‌ಪುಟ್ ಎದುರು ಬದಿಯಿಂದ ಬರಲಿ. ಎರಡು ಚಾನೆಲ್‌ಗಳ ನಡುವೆ ರಕ್ಷಣೆಗೆಂದು ಗ್ರೌಂಡ್ ಟ್ರೇಸ್ ಎಳೆದರೆ ಅದನ್ನು ಉದ್ದಕ್ಕೂ ವಯಾಗಳಿಂದ ಕೆಳಗಿನ ಪದರಕ್ಕೆ ಹೊಲಿಯಬೇಕು. ತುದಿಯಲ್ಲಿ ಮಾತ್ರ ಜೋಡಿಸಿದರೆ ಅದೂ ಸಿಗ್ನಲ್ ಹೊರುವ ಇನ್ನೊಂದು ತಂತಿಯಾಗುತ್ತದೆ.

ಗಿಗಾಬಿಟ್ ವೇಗದಲ್ಲಿ ಬಳಕೆಯಾಗದೆ ಉಳಿದ ವಯಾ ತುಂಡು ಕೂಡ ತೊಂದರೆ ಕೊಡುತ್ತದೆ. ಬೋರ್ಡ್‌ನೊಳಗೆ ಸಿಗ್ನಲ್ ನ್ಯಾನೊಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಚಲಿಸುತ್ತದೆ. 5 ಮಿಲಿಮೀಟರ್ ಉದ್ದದ ತುಂಡು 7.5 ಗಿಗಾಹರ್ಟ್ಸ್‌ನ ಕಾಲು ತರಂಗಕ್ಕೆ ಸಮನಾಗಿ, ಆ ಆವರ್ತನವನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 4ನೇ ಪೀಳಿಗೆಯ ಸಿಗ್ನಲ್‌ನ ಮುಖ್ಯ ಆವರ್ತನ 8 ಗಿಗಾಹರ್ಟ್ಸ್. ಸರ್ವರ್ ಬೋರ್ಡ್ ತಯಾರಕರು ಈ ತುಂಡನ್ನು ಹಿಂದಿನಿಂದ ಡ್ರಿಲ್ ಮಾಡಿ ತೆಗೆಯುವುದು ಇದೇ ಕಾರಣಕ್ಕೆ.

ಅಳೆಯುವ ಬಗೆ

ಆಸಿಲೋಸ್ಕೋಪ್ ಪ್ರೋಬ್‌ನ ಕಪ್ಪು ಗ್ರೌಂಡ್ ತಂತಿ ಸುಮಾರು 100 ನ್ಯಾನೊಹೆನ್ರಿ, ಪ್ರೋಬ್ ತುದಿಯ ಕೆಪಾಸಿಟೆನ್ಸ್ ಸುಮಾರು 10 ಪಿಕೊಫ್ಯಾರಡ್. ಇವೆರಡೂ ಸೇರಿ 160 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತವೆ. ಅಂಚಿನಲ್ಲಿ ಆ ಆವರ್ತನದ ಕಂಪನ ಕಂಡರೆ ಬೋರ್ಡನ್ನು ದೂರುವ ಮುನ್ನ ಉದ್ದ ತಂತಿ ತೆಗೆದು, ಪ್ರೋಬ್ ತುದಿಗೆ ಹಾಕುವ ಪುಟ್ಟ ಸ್ಪ್ರಿಂಗ್ ಗ್ರೌಂಡ್ ಬಳಸಿ ಮತ್ತೆ ನೋಡಬೇಕು.

ಸ್ವಿಚ್‌ನ ತಡೆ ಅಳೆಯಲು ನ್ಯಾನೊವಿಎನ್‌ಎ ಎಂಬ ಅಂಗೈ ಗಾತ್ರದ ಅಗ್ಗದ ನೆಟ್‌ವರ್ಕ್ ಅನಲೈಸರ್ ಬಹಳ ಉಪಕಾರಿ. ಮೂಲ ಮಾದರಿ 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತದೆ. 300 ಮೆಗಾಹರ್ಟ್ಸ್‌ವರೆಗೆ ಅದು ಸುಮಾರು 70 ಡೆಸಿಬೆಲ್ ಆಳ ಕಾಣಬಲ್ಲದು, ಮೇಲಕ್ಕೆ ಹೋದಂತೆ ಅಷ್ಟು ಕಾಣದು. ಮೊದಲು ಎರಡೂ ಕೇಬಲ್‌ಗಳ ತುದಿಗೆ 50 ಓಮ್ ಟರ್ಮಿನೇಟರ್ ಹಾಕಿ ಉಪಕರಣದ ಸ್ವಂತ ಸೋರಿಕೆ ಬರೆದುಕೊಳ್ಳಬೇಕು. ಸ್ವಿಚ್‌ನ ಅಳತೆ ಅದಕ್ಕೆ ಹತ್ತಿರ ಬಂದರೆ ಕಾಣುತ್ತಿರುವುದು ಉಪಕರಣದ ಮಿತಿ. ಅಳೆಯುವಾಗ ಬಳಸದ ಚಾನೆಲ್‌ಗಳನ್ನೂ 50 ಓಮ್‌ನಿಂದ ಮುಗಿಸಿರಬೇಕು.

ತೊಂದರೆ ಕೊಡುತ್ತಿರುವ ಬೋರ್ಡ್ ಮುಂದಿದ್ದರೆ ಹುಡುಕಾಟಕ್ಕೆ ಒಂದು ಕ್ರಮ ಇರಲಿ. ಮೊದಲು ಸ್ವಿಚ್ ಐಸಿಯನ್ನು ಬಿಚ್ಚಿ, ಖಾಲಿ ಪ್ಯಾಡ್‌ಗಳ ನಡುವೆ ಎಷ್ಟು ಸೋರುತ್ತದೆ ಎಂದು ಅಳೆಯಬೇಕು. ಸೋರಿಕೆ ಹಾಗೇ ಇದ್ದರೆ ತಪ್ಪು ಬೋರ್ಡ್‌ನದು, ಐಸಿ ಬದಲಿಸಿ ಫಲವಿಲ್ಲ. ಕಡಿಮೆಯಾದರೆ ಐಸಿಯನ್ನು ಮತ್ತೆ ಕೂರಿಸಿ, ಪೀಡಿತ ಚಾನೆಲ್‌ಗೆ ಅಡ್ಡಲಾಗಿ ಸಣ್ಣ ರೆಸಿಸ್ಟರ್ ಹಚ್ಚಿ ನೋಡಬೇಕು. ಸೋರಿಕೆ ಥಟ್ಟನೆ ಇಳಿದರೆ ದಾರಿ ಕೆಪಾಸಿಟೆನ್ಸ್‌ನದು, ಇಂಪೀಡೆನ್ಸ್ ತಗ್ಗಿಸುವುದರಿಂದ ಗೆಲ್ಲಬಹುದು. ಇಳಿಯದಿದ್ದರೆ ಕಾಂತಕ್ಷೇತ್ರ ಅಥವಾ ಹಂಚಿಕೊಂಡ ಗ್ರೌಂಡ್ ಕಾರಣವಿರುತ್ತದೆ. ಐಸಿಯ ಪೂರೈಕೆ ಕಾಲಿನ ಬುಡದಲ್ಲೇ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇದೆಯೇ, ಗ್ರೌಂಡ್ ಕಾಲು ಗಿಡ್ಡವಾಗಿದೆಯೇ ಎಂದು ಪರಿಶೀಲಿಸಬೇಕು. ಬಳಿಕ ಸಿಗ್ನಲ್ ಮತ್ತು ಕಂಟ್ರೋಲ್ ದಾರಿಗಳಲ್ಲಿ, ಹೊರಡುವ ಐಸಿಯ ಪಕ್ಕದಲ್ಲೇ 33 ಓಮ್ ಆಸುಪಾಸಿನ ಸರಣಿ ರೆಸಿಸ್ಟರ್ ಹಾಕಿ ಅಂಚನ್ನು ಸ್ವಲ್ಪ ಮೃದು ಮಾಡಬಹುದು. ಇಷ್ಟಾದ ಮೇಲೂ ಬೇಕಾದ ಡೆಸಿಬೆಲ್ ಸಿಗದಿದ್ದರೆ ಟಿ ಜೋಡಣೆ ಇರುವ ಹೊಸ ಐಸಿ ಹುಡುಕಿ, ಅದರ ಡೇಟಾಶೀಟ್‌ನ ಆವರ್ತನ ಮತ್ತು ಲೋಡ್ ಷರತ್ತುಗಳನ್ನು ತಮ್ಮ ಸರ್ಕಿಟ್‌ಗೆ ಹೊಂದಿಸಿ ಲೆಕ್ಕ ಹಾಕಿದ ನಂತರ ಕೊಳ್ಳುವುದು ಸರಿಯಾದ ಕ್ರಮ.